ಭರಮವ್ವನ ಬೀಜ ತೇಲಿದ ನೀರು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಹುಲ್ಲಿನ ಮಾಡು, ಅಂಗಳದಲ್ಲೊಂದು ಹುಣಸೆಮರ, ಮರದ ಬುಡದಲ್ಲಿ ಮರಳು ಹರಡಿದ ಜಾಗ. ಅಷ್ಟೇ. ಅಲ್ಲಿ ಕಲಿಸುತ್ತಿದ್ದದ್ದು ಲೆಕ್ಕ.

ಗುರುಗಳ ಹೆಸರು ಗುಮ್ಮಟಯ್ಯ. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಅಂಗಳದ ಆ ತುದಿಯಲ್ಲಿ ಯಾರಾದರೂ ಲೆಕ್ಕ ತಪ್ಪಿ ಹೇಳಿದರೆ ಈ ತುದಿಯಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಲೆಕ್ಕದಲ್ಲಿ ಗೊತ್ತಿಲ್ಲದ್ದು ಯಾವುದೋ, ಅದರ ಜಾಗದಲ್ಲಿ ಒಂದು ಹುಣಸೆಬೀಜ ಇಡಬೇಕು. ಗೊತ್ತಿರುವುದನ್ನೆಲ್ಲ ಅದರ ಸುತ್ತ ಮರಳಿನಲ್ಲಿ ಬರೆಯಬೇಕು. ಸರಿಯಾಗಿ ಬರೆದರೆ ಬೀಜ ತಾನಾಗಿ ಬಾಯಿಬಿಡುತ್ತದೆ ಅನ್ನುತ್ತಿದ್ದರು ಗುರುಗಳು.

ಹಿರಿಯ ಶಿಷ್ಯ ನೇಮಣ್ಣನಿಗೆ ಹುಣಸೆಬೀಜ ಬೇಕಾಗುತ್ತಲೇ ಇರಲಿಲ್ಲ. ಬೇರೆಯವರು ಮರಳು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಉತ್ತರ ಹೇಳಿ ಮುಗಿಸಿ, ಪಂಚೆ ಕೊಡವಿಕೊಂಡು ಎದ್ದಿರುತ್ತಿದ್ದ.

ಹೊಸದಾಗಿ ಬಂದವರಿಗೆ ಪಾಠ ಹೇಳುವ ಕೆಲಸವನ್ನು ಗುರುಗಳು ಅವನಿಗೇ ವಹಿಸಿದ್ದರು. ಅವನು ಹೇಳುತ್ತಿದ್ದ ರಭಸಕ್ಕೆ ಪಾಪ, ಕೇಳುವವರಿಗೆ ಉಸಿರು ಕಟ್ಟುತ್ತಿತ್ತು. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಮಳೆಗಾಲ ಹತ್ತಿರ ಬರುವ ಹೊತ್ತಿಗೆ ಮರದ ಬುಡ ಖಾಲಿ.

ಕೊನೆಗೆ ಬಿಟ್ಟವನು ಅಂಬಿಗರ ಪರಸಪ್ಪ. ಮೀಸೆ ಬಂದಮೇಲೆ ಲೆಕ್ಕ ಕಲಿಯುವ ಆಸೆ ಅವನಿಗೆ. ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದನೆಂದು ನೇಮಣ್ಣ ಎಲ್ಲರ ಮುಂದೆ ಅಂದುಬಿಟ್ಟಿದ್ದ: "ನಿನ್ನ ತಲೇಲಿ ಕಾಳಿಲ್ಲ ಮಾರಾಯ, ಬರೀ ಜೊಳ್ಳು. ಹೋಗಿ ಹುಟ್ಟು ಹಾಕು."

ಪರಸಪ್ಪ ಎದ್ದು ಹೋಗಿದ್ದ.

"ಎಲ್ಲಿ ನಿನ್ನ ಶಿಷ್ಯರು?" ಅಂತ ಗುರುಗಳು ಕೇಳಿದರು.

"ಜೊಳ್ಳು ಗುರುಗಳೇ. ತೇಲಿಹೋದರು."



ಆ ವರ್ಷ ಹೊಳೆಯಾಚೆ ಇನ್ನೊಂದು ಪಾಠಶಾಲೆ ಎದ್ದಿತ್ತು. ಅಲ್ಲಿಗೊಬ್ಬ ಗುರು ಬೇಕಿತ್ತು. ಹೋಗುವವನು ತಾನೇ ಎಂದು ನೇಮಣ್ಣನಿಗೆ ಅನುಮಾನವೇ ಇರಲಿಲ್ಲ. ಹೊದಿಕೆ ಮಡಿಸಿ ಗಂಟು ಕಟ್ಟಿಯೂ ಆಗಿತ್ತು.

"ಗುರುಗಳೇ, ಅಪ್ಪಣೆಯಾದರೆ ಇವತ್ತೇ ಹೊರಡುತ್ತೇನೆ."

"ಇವತ್ತು ಬೀಜ ತೊಳೆಯುವ ದಿನ. ನೀರು ನೀನು ಹದ ಮಾಡು. ಅದು ಸರಿಬಂದರೆ ಹೋಗು."

ನೇಮಣ್ಣನಿಗೆ ನಗು ಬಂತು. ಇಷ್ಟು ಓದಿದವನಿಗೆ ಉಪ್ಪುನೀರಿನ ಪರೀಕ್ಷೆಯೇ!

ಬೀಜ ತೊಳೆಯುವುದು ಅಂದರೆ ಹೀಗೆ. ಮೊದಲ ಮಳೆ ಬೀಳುವ ಮುಂಚೆ ಸುತ್ತಲ ಊರಿನವರು ಬಿತ್ತನೆಯ ಭತ್ತವನ್ನು ಆಶ್ರಮಕ್ಕೆ ತರುತ್ತಾರೆ. ದೊಡ್ಡ ಹಂಡೆಯ ಉಪ್ಪುನೀರಿಗೆ ಸುರಿಯುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ಮುಳುಗಿದ್ದನ್ನು ಹೊಳೆಯಲ್ಲಿ ತೊಳೆದು, ಉಪ್ಪು ಬಿಡಿಸಿ, ಮೊಳಕೆಗೆ ಇಡುತ್ತಾರೆ.

ಬರೀ ನೀರಿನಲ್ಲಿ ಅರೆಜೊಳ್ಳು ಕೂಡ ಮುಳುಗಿ ಮೋಸ ಮಾಡುತ್ತದೆ. ಅದಕ್ಕೇ ಉಪ್ಪು. ಎಂಟು ಸೇರು ನೀರಿಗೆ ಒಂದು ಸೇರು ಉಪ್ಪು, ಇದು ಅಲ್ಲಿನ ಹದ.

"ಹೊಸ ಉಪ್ಪು ಒಡೆಯಬೇಡ," ಅಂದರು ಗುರುಗಳು. "ಅಡುಗೆಮನೆಯಲ್ಲಿ ಕದಡಿಟ್ಟ ಜಾಡಿಗಳಿವೆ. ಅದರಲ್ಲೇ ಮಾಡು."

ಅಡುಗೆಮನೆಯಲ್ಲಿ ಎರಡು ಬಗೆಯ ಜಾಡಿ. ಒಂದು ಮಾವಿನಮಿಡಿಗೆಂದು ಕದಡಿದ ಕಟುವಾದ ಉಪ್ಪುನೀರು. ಇನ್ನೊಂದು ನೆಲ್ಲಿಕಾಯಿಗೆಂದು ಕದಡಿದ ತೆಳುವಾದದ್ದು. ಒಂದು ಸೇರು ಉಪ್ಪಿಗೆ ಎಷ್ಟು ಸೇರು ನೀರು ಎಂದು ಸುಣ್ಣದಲ್ಲಿ ಗುರುತು ಬರೆದಿತ್ತು. ಮಿಡಿಯ ಜಾಡಿಯ ಮೇಲೆ ನಾಲ್ಕು. ನೆಲ್ಲಿಯ ಜಾಡಿಯ ಮೇಲೆ ಹನ್ನೆರಡು. ಎಲ್ಲ ಜಾಡಿಗೂ ಹನ್ನೆರಡು ಸೇರು ನೀರು ಹೊಯ್ದು ಕದಡುವುದು ಅಡುಗೆಯವರ ವಾಡಿಕೆ.

ನೇಮಣ್ಣ ಗುರುತು ನೋಡಿದ. ನಾಲ್ಕೂ ಹನ್ನೆರಡೂ ಹದಿನಾರು. ಹದಿನಾರರ ಅರ್ಧ ಎಂಟು.

ಒಂದು ಮಿಡಿಯ ಜಾಡಿ, ಒಂದು ನೆಲ್ಲಿಯ ಜಾಡಿ, ಎರಡನ್ನೂ ಹಂಡೆಗೆ ಬೋರಲು ಹಾಕಿದ. ಕೈ ಒರೆಸಿಕೊಂಡ. ಮುಗೀತು ಪರೀಕ್ಷೆ.

ಹುಣಸೆಬೀಜ ಮುಟ್ಟಲೇ ಇಲ್ಲ.

ಬೇಲಿಯ ಹೊರಗೆ ಆಗಲೇ ಜನ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಭರಮವ್ವ. ಒಂಟಿ ಹೆಂಗಸು, ಒಂದು ತುಂಡು ಗದ್ದೆ. ತಲೆ ಮೇಲೆ ಒಂದೇ ಬುಟ್ಟಿ ಬೀಜ. ಮನೆಯಲ್ಲಿ ಇನ್ನೊಂದು ಬುಟ್ಟಿ ಇಲ್ಲ.

"ಬಾರವ್ವ, ಸುರಿ," ಅಂದ ನೇಮಣ್ಣ.

ಅವಳು ಹಂಡೆಗೆ ಕೈಮುಗಿದು ಮೊದಲ ಬೊಗಸೆ ಸುರಿದಳು.

ಕಾಳು ತೇಲಿತು.

ಇನ್ನೊಂದು ಬೊಗಸೆ. ಅದೂ ತೇಲಿತು. ಕೈಯಾಡಿಸಿ ಅದುಮಿದರೆ ಒಳಗೆ ಹೋಗಿ, ಮೀನುಮರಿಯ ಹಾಗೆ ಮತ್ತೆ ಮೇಲೆ ಬಂತು. ಹಂಡೆಯ ತಳಕ್ಕೆ ಇಳಿದದ್ದು ಒಂದು ಹಿಡಿಯೂ ಇರಲಿಲ್ಲ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಭರಮವ್ವ ಈ ಸಲ ಹೊಟ್ಟು ಬಿತ್ತತಾಳ ನೋಡ್ರೋ!"

ನೇಮಣ್ಣ ತಲೆಯಾಡಿಸಿದ. "ಎಲ್ಲಾ ಜೊಳ್ಳು ಕಣವ್ವಾ. ಬಿತ್ತಿ ಪ್ರಯೋಜನವಿಲ್ಲ. ತಗೊಂಡು ಹೋಗಿ ಕೋಳಿಗೆ ಹಾಕು."

ಭರಮವ್ವ ಅಳುವ ಹೆಂಗಸಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನಂದಿ ತಮ್ಮಾ? ಇನ್ನೊಮ್ಮೆ ಅನ್ನು."

"ಜೊಳ್ಳು ಅಂದೆ."

"ತೆನಿ ತೆನಿ ಆರಿಸಿ ಕಟ್ಟಿಟ್ಟಾಕಿ ನಾನು. ನನ್ನ ಬೀಜ ಜೊಳ್ಳಲ್ಲ. ನಿನ್ನ ನೀರ ಹುಚ್ಚ ಅದಾವ."

"ನೀರಿನ ಲೆಕ್ಕ ನನಗೆ ಬಿಡವ್ವ. ಲೆಕ್ಕ ತಪ್ಪಲ್ಲ."

"ಲೆಕ್ಕ ತಪ್ಪಲಿಕ್ಕಿಲ್ಲ. ಮಾಡಾಂವ ತಪ್ಪಿದ್ರ?"

ಅವಳು ಉಡಿಯಿಂದ ಒಂದು ಕೋಳಿಮೊಟ್ಟೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನಮ್ಮವ್ವ ಹೇಳಿಕೊಟ್ಟಾಳ. ಬೀಜದ ನೀರಾಗ ಮೊಟ್ಟಿ ಬಿಡಬೇಕು. ಹದ ಇದ್ರ ನೆತ್ತಿ ಅಷ್ಟೇ ಕಾಣಬೇಕು. ಬಿಡ್ತೀನಿ, ಸರಿ ಅತ್ತಾಗ."

"ಛೀ ಛೀ! ಆಶ್ರಮದೊಳಗೆ ಮೊಟ್ಟೆಯಾ?" ನೇಮಣ್ಣ ಎರಡೂ ಕೈ ಅಡ್ಡ ಹಿಡಿದ. "ಆಚೆ ಹೋಗವ್ವಾ!"

"ಹೋಗೂದಿಲ್ಲ. ಈ ಬೀಜ ಹೋದ್ರ ನನಗ ಈ ವರ್ಷ ಬೆಳೀನ ಇಲ್ಲ. ಎಲ್ಲಿಗಂತ ಹೋಗಲಿ?" ಅವಳು ಬೇಲಿಬಾಗಿಲ ಹೊಸಿಲಿನಾಚೆಗೆ ಮಾತ್ರ ಸರಿದು, ಮೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬಂಡೆಯ ಹಾಗೆ ಕೂತಳು.

ಸಾಲು ನಿಂತೇ ಇತ್ತು. ಆಕಾಶದಲ್ಲಿ ಮೋಡ ಕಪ್ಪಾಗುತ್ತಿತ್ತು. ಯಾರೂ ಮುಂದೆ ಬಂದು ತಮ್ಮ ಬೀಜ ಸುರಿಯಲಿಲ್ಲ.

ನೇಮಣ್ಣ ಗುರುಗಳ ಬಳಿ ಓಡಿದ.

"ಗುರುಗಳೇ, ಭರಮವ್ವನ ಬೀಜ ಪೂರಾ ಜೊಳ್ಳು. ಹೇಳಿದರೆ ಕೇಳುತ್ತಿಲ್ಲ. ಬಾಗಿಲಲ್ಲಿ ಮೊಟ್ಟೆ ಹಿಡಿದು ಕೂತಿದ್ದಾಳೆ."

ಗುರುಗಳು ಎದ್ದರು. ಕೋಲೂರಿಕೊಂಡು ನಿಧಾನವಾಗಿ ಹಂಡೆಯ ಹತ್ತಿರ ಬಂದರು. ತೇಲುತ್ತಿದ್ದ ಕಾಳುಗಳಿಂದ ಒಂದನ್ನು ಬೆರಳ ತುದಿಯಲ್ಲಿ ಎತ್ತಿದರು. ಉಗುರಿನಿಂದ ಹೊಟ್ಟು ಬಿಡಿಸಿದರು. ನೇಮಣ್ಣನ ಅಂಗೈ ಮೇಲೆ ಇಟ್ಟರು.

"ಕಚ್ಚು."

ಕಚ್ಚಿದ. ಕಟಕ್ಕೆಂದಿತು.

ತುಂಬಿದ ಅಕ್ಕಿ. ಬೆಳ್ಳಗೆ, ಗಟ್ಟಿಯಾಗಿ, ಮುತ್ತಿನ ಹಾಗೆ.

ಗುರುಗಳು ಇನ್ನೊಂದು ಕಾಳು ಎತ್ತಿ ಕೊಟ್ಟರು. ಅದೂ ಹಾಗೇ.

ಆಚೆ ದಡದ ಪಾಠಶಾಲೆ, ಮಡಿಸಿಟ್ಟ ಹೊದಿಕೆ, ಎಲ್ಲವೂ ಹಂಡೆಯೊಳಗೆ ಬಿದ್ದಂತೆ ನೇಮಣ್ಣನಿಗೆ ಅನಿಸಿತು.

"ಜೊಳ್ಳಲ್ಲ," ಅಂದ. "ಹಾಗಾದರೆ ಯಾಕೆ ತೇಲಿತು?"

"ಹಂಡೆಯಲ್ಲಿ ಉಪ್ಪೆಷ್ಟಿದೆ?"

"ಎಂಟಕ್ಕೊಂದು, ಗುರುಗಳೇ."

"ಎಷ್ಟಕ್ಕೆ ಎಷ್ಟು ಅಂತ ಕೇಳಲಿಲ್ಲ. ಎಷ್ಟಿದೆ ಅಂತ ಕೇಳಿದೆ."

ಅದನ್ನು ನೇಮಣ್ಣ ಯೋಚಿಸಿಯೇ ಇರಲಿಲ್ಲ.

"ಉಪ್ಪು ಹೆಚ್ಚಾಗಿದೆ ಅಂತ ಕಾಣುತ್ತೆ. ತೆಗೆದುಬಿಡುತ್ತೇನೆ," ಅಂದ ಗಾಬರಿಯಲ್ಲಿ.

"ಹೇಗೆ ತೆಗೀತೀಯ?"

ಅವನು ಹಂಡೆಯನ್ನೇ ನೋಡಿದ. ಕರಗಿದ ಉಪ್ಪನ್ನು ಯಾವ ಚಿಮಟಿಗೆಯಲ್ಲಿ ಹಿಡಿಯುವುದು?

"ಹಾಗಾದರೆ ಎಲ್ಲಾ ಚೆಲ್ಲಿ ಹೊಸದಾಗಿ ಮಾಡುತ್ತೇನೆ."

"ಉಪ್ಪನ್ನ ಚೆಲ್ಲೋದು ಲೆಕ್ಕವಲ್ಲ."

ನೇಮಣ್ಣ ಹತ್ತಿರವಿದ್ದ ಕೊಡ ಎತ್ತಿಕೊಂಡು ಹಂಡೆಗೆ ನೀರು ಹೊಯ್ಯಲು ಬಗ್ಗಿದ. ಗುರುಗಳು ಕೋಲನ್ನು ಕೊಡದ ಬಾಯಿಗೆ ಅಡ್ಡ ಹಿಡಿದರು.

"ಎಷ್ಟು ಹೊಯ್ತೀಯ?"

"ಸ್ವಲ್ಪ... ನೋಡಿಕೊಂಡು..."

"ಅಡುಗೆಯವರು ನೋಡಿಕೊಂಡು ಹೊಯ್ಯಲಿ. ನೀನು ಲೆಕ್ಕದವನು."

ಗುರುಗಳು ಸೊಂಟದ ಚೀಲದಿಂದ ಒಂದು ಹುಣಸೆಬೀಜ ತೆಗೆದು ಅವನ ಕೈಗೆ ಹಾಕಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.

"ಭರಮವ್ವಾ, ಇದ್ದೀಯೇನವ್ವ?"

"ಎಲ್ಲಿಗೆ ಹೋಗಲ್ರಿ ಅಜ್ಜಾರ? ಇಲ್ಲೇ ಕುಂತೇನಿ."

"ಮೊಟ್ಟೆ ಅಲ್ಲೇ ಇರಲಿ. ಲೆಕ್ಕ ಇಲ್ಲೇ ಆಗಲಿ. ಎರಡೂ ಹೊಸಿಲ ಮೇಲೆ ಭೇಟಿಯಾಗಲಿ."

"ಆಗ್ಲಿ ಬಿಡ್ರಿ. ಆದ್ರ ಲಗೂನ ಆಗ್ಲಿ. ಮೊಟ್ಟಿ ಮರಿಯಾಗೂ ಮುಂಚೆ."

ಸಾಲಿನವರೆಲ್ಲ ಗೊಳ್ಳೆಂದರು. ನೇಮಣ್ಣನಿಗೂ ಒಂದು ಕ್ಷಣ ನಗು ಬಂತು.

ಹುಣಸೆಮರದ ಕೆಳಗೆ ಕೂತ. ಎಷ್ಟೋ ಕಾಲದ ಮೇಲೆ ಮರಳು ಸವರಿದ. ನಡುವೆ ಬೀಜ ಇಟ್ಟ.

ಗುರುಗಳು ಎದುರಿಗೆ ಕೂತರು. "ಏನು ಕೂಡಿಸಿದೆ?"

"ನಾಲ್ಕು, ಹನ್ನೆರಡು."

"ಅದು ಜಾಡಿಯ ಮೇಲಿತ್ತು. ಒಳಗೇನಿತ್ತು?"

ನೇಮಣ್ಣ ಯೋಚಿಸಿದ. "ಮಿಡಿಯ ಜಾಡಿಯಲ್ಲಿ ನೀರು ಹನ್ನೆರಡು ಸೇರು. ನಾಲ್ಕಕ್ಕೊಂದು ಉಪ್ಪು. ಅಂದರೆ ಮೂರು ಸೇರು." ಬರೆದ. "ನೆಲ್ಲಿಯ ಜಾಡಿಯಲ್ಲೂ ನೀರು ಹನ್ನೆರಡು. ಹನ್ನೆರಡಕ್ಕೊಂದು ಉಪ್ಪು. ಅಂದರೆ ಒಂದೇ ಸೇರು."

ಅವನ ಬೆರಳು ಮರಳಿನಲ್ಲಿ ನಿಂತುಬಿಟ್ಟಿತು.

"ಗುರುಗಳೇ! ನೀರು ಎರಡರಿಂದಲೂ ಸಮವಾಗಿ ಬಂತು. ಉಪ್ಪು ಸಮವಾಗಿ ಬರಲಿಲ್ಲ. ಒಂದರಿಂದ ಮೂರು ಬಂತು, ಇನ್ನೊಂದರಿಂದ ಒಂದು."

"ಹೂಂ."

"ಒಟ್ಟು ಉಪ್ಪು ನಾಲ್ಕು. ಒಟ್ಟು ನೀರು ಇಪ್ಪತ್ತನಾಲ್ಕು. ಅಂದರೆ ಆರಕ್ಕೊಂದು! ಎಂಟಕ್ಕೊಂದು ಅಲ್ಲವೇ ಅಲ್ಲ. ಅಷ್ಟು ಕಟುವಾದ ನೀರಿನಲ್ಲಿ ಎಂಥಾ ಗಟ್ಟಿಕಾಳೂ ತೇಲಲೇಬೇಕು."

"ಹೂಂ."

"ಇನ್ನು ನೀರು ಹೊಯ್ದರೆ..." ಅವನು ಬೀಜವನ್ನು ಎತ್ತಿ ಇಪ್ಪತ್ತನಾಲ್ಕರ ಪಕ್ಕಕ್ಕಿಟ್ಟ. "ಹೊಯ್ಯುವ ನೀರು ಎಷ್ಟೋ ಗೊತ್ತಿಲ್ಲ, ಅದು ಈ ಬೀಜ. ಇಪ್ಪತ್ತನಾಲ್ಕೂ ಬೀಜವೂ ಸೇರಿದರೆ ಒಟ್ಟು ನೀರು."

"ಉಪ್ಪು?"

"ಉಪ್ಪು ನಾಲ್ಕೇ." ಹೇಳುತ್ತಿದ್ದಂತೆ ಅವನ ಕಣ್ಣು ಅರಳಿತು. "ನಾನು ಎಷ್ಟೇ ನೀರು ಹೊಯ್ದರೂ ಉಪ್ಪು ನಾಲ್ಕೇ! ರುಚಿ ಬದಲಾಗುತ್ತೆ, ಹಂಡೆ ತುಂಬುತ್ತೆ, ಉಪ್ಪು ಮಾತ್ರ ಇದ್ದಷ್ಟೇ ಇರುತ್ತೆ."

"ಅಲುಗದೇ ಇರೋದು ಸಿಕ್ಕಿತಲ್ಲ. ಅದರ ಕೈ ಹಿಡಿದುಕೋ."

"ನಾಲ್ಕು ಸೇರು ಉಪ್ಪಿಗೆ ಎಂಟರಂತೆ ಮೂವತ್ತೆರಡು ಸೇರು ನೀರು ಬೇಕು. ಇರುವುದು ಇಪ್ಪತ್ತನಾಲ್ಕು." ಬೀಜ ಎತ್ತಿದ. ಅದರಡಿಯ ಗುಳಿಯಲ್ಲಿ ಬರೆದ. "ಎಂಟು. ಎಂಟು ಸೇರು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಖಂಡಿತವಾ?"

"ಖಂಡಿತ."

"ಮೊಟ್ಟೆ ಬೇರೆ ಮಾತು ಹೇಳಿದರೆ?"

ನೇಮಣ್ಣ ಮರಳನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದ. ಬೆಳಿಗ್ಗೆಯೂ ಅವನಿಗೆ ಧೈರ್ಯವಿತ್ತು. ಈಗಿನದು ಬೇರೆ ಧೈರ್ಯ.

"ಹೇಳಲ್ಲ, ಗುರುಗಳೇ."

ಸೇರಿನಲ್ಲಿ ಅಳೆದು ಅಳೆದು ಎಂಟು ಸೇರು ಹೊಳೆನೀರು ಹೊಯ್ದ. ಅಗಲವಾದ ಹುಟ್ಟಿನಿಂದ ತಳಮುಟ್ಟ ಕದಡಿದ. ಒಂದು ತಂಬಿಗೆಯಲ್ಲಿ ನೀರು ತೋಡಿ ಹೊಸಿಲಾಚೆ ತಂದು ಭರಮವ್ವನ ಮುಂದೆ ಇಟ್ಟು, ತಾನೂ ಕುಕ್ಕರಗಾಲಲ್ಲಿ ಕೂತ.

"ಬಿಡವ್ವಾ."

ಅವಳು ಮೊಟ್ಟೆ ಬಿಟ್ಟಳು.

ಸಾಲಿನವರೆಲ್ಲ ಕತ್ತು ಚಾಚಿದರು.

ಮೊಟ್ಟೆ ಮುಳುಗಿತು, ಒಂದು ಸುತ್ತು ತಿರುಗಿತು, ಮೇಲೆ ಬಂತು. ನೆತ್ತಿ ಮಾತ್ರ ನೀರಿನಿಂದಾಚೆ, ಕುಂಕುಮದ ಬೊಟ್ಟಿನಷ್ಟು.

"ಈಗ ಖರೇ ಆತು ನೋಡು!" ಭರಮವ್ವ ತೊಡೆ ತಟ್ಟಿಕೊಂಡಳು. "ನಮ್ಮವ್ವ ನೋಡಿದ್ರ ನಿನಗ ಒಂದ ಮೊಟ್ಟಿ ಕೊಡ್ತಿದ್ಲು."

"ಬೇಡವ್ವಾ," ಅಂದ ನೇಮಣ್ಣ. "ಬೀಜ ತಾ."

ಮೇಲೆ ತೇಲುತ್ತಿದ್ದ ಕಾಳು ಆಗಲೇ ಬಹುಪಾಲು ತಳ ಸೇರಿತ್ತು. ಬುಟ್ಟಿಯಲ್ಲಿ ಉಳಿದದ್ದನ್ನು ಅವಳು ಸುರಿದಳು. ಸೊರಸೊರ ಎಂದು ಮಳೆ ಬಿದ್ದ ಹಾಗೆ ಇಳಿಯಿತು. ಮೇಲೆ ನಿಂತದ್ದು ಎರಡು ಹಿಡಿ ಜೊಳ್ಳು ಮಾತ್ರ. ಅದು ಯಾರ ಮನೆಯ ಭತ್ತದಲ್ಲೂ ಇರುವಷ್ಟೇ.

ನೇಮಣ್ಣ ಎಲ್ಲರಿಗೂ ಕೇಳುವ ಹಾಗೆ ಅಂದ: "ಭರಮವ್ವನ ಬೀಜ ಗಟ್ಟಿ. ಬೆಳಿಗ್ಗೆ ತಪ್ಪಿದ್ದು ನನ್ನ ನೀರು."

ಭರಮವ್ವ ಮೂಗು ಸೀಟಿಕೊಂಡಳು, ಬೇರೆ ಕಡೆ ನೋಡಿದಳು. "ಆತು ಬಿಡು ತಮ್ಮಾ. ಈಗ ಹೊತ್ತು ಮಾಡಬ್ಯಾಡ. ಹಿಂದಿನವ್ರು ಕಾಯಾಕತ್ತಾರ."

ಸಾಲು ಉದ್ದವಿತ್ತು. ಕಾಳಿಗಂಟಿ ಹೋದ ನೀರಿನಿಂದ ಹಂಡೆ ತಗ್ಗುತ್ತ ಬಂತು. ಇನ್ನಷ್ಟು ನೀರು ಬೇಕು.

ಈ ಸಲ ನೇಮಣ್ಣ ಯಾರನ್ನೂ ಕೇಳಲಿಲ್ಲ. ಅಡುಗೆಮನೆಯ ಜಾಡಿಗಳ ಮುಂದೆ ಒಂದು ಗಳಿಗೆ ನಿಂತ. ಮಿಡಿಯ ಜಾಡಿಯಿಂದ ಒಂದು ಪಾಲು, ನೆಲ್ಲಿಯ ಜಾಡಿಯಿಂದ ಮೂರು ಪಾಲು ಅಳೆದು ಹಂಡೆಗೆ ಹಾಕಿದ.

ಗುರುಗಳು ಕೂತಲ್ಲಿಂದಲೇ ಕೇಳಿದರು. "ಯಾಕೆ ಹಾಗೆ?"

"ನಾಲ್ಕು ಸೇರು ನೀರಲ್ಲಿ ಒಂದು ಸೇರು ಉಪ್ಪು ಬಂತು. ಹನ್ನೆರಡರಲ್ಲೂ ಒಂದು ಸೇರು ಬಂತು. ಈಗ ಉಪ್ಪು ಎರಡು, ನೀರು ಹದಿನಾರು. ಎಂಟಕ್ಕೊಂದು. ಉಪ್ಪು ಸಮವಾಗಿ ಬಂದರೆ ಬೆಳಿಗ್ಗೆ ನಾನು ಹೇಳಿದ ಎಂಟೂ ಸರಿಯೇ, ಗುರುಗಳೇ. ನೀರನ್ನ ಸಮ ಮಾಡಿ ಕೆಟ್ಟೆ."

ಗುರುಗಳು ಗಡ್ಡದಲ್ಲೇ ನಕ್ಕರು. ಹಾಗೇ ಗೋಡೆಗೊರಗಿ ಕಣ್ಣು ಮುಚ್ಚಿದರು.

ಕೊನೆಯ ಬುಟ್ಟಿ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೋಡ ಇನ್ನೂ ಹಿಡಿದುಕೊಂಡೇ ಇತ್ತು. ಊರಿನವರು ಹೊಳೆಯಲ್ಲಿ ಬೀಜ ತೊಳೆದುಕೊಂಡು ಬುಟ್ಟಿ ಹೊತ್ತು ಹೊರಟರು. ಭರಮವ್ವ ಎಲ್ಲರಿಗಿಂತ ಮುಂದೆ.

ನೇಮಣ್ಣ ಗುರುಗಳ ಕಾಲಿಗೆ ಬಿದ್ದ.

"ಆಚೆ ದಡಕ್ಕೆ ಬೇರೆ ಯಾರನ್ನಾದರೂ ಕಳಿಸಿ, ಗುರುಗಳೇ."

"ನೀರು ಸರಿಬಂದರೆ ಹೋಗು ಅಂದಿದ್ದೆ. ಸರಿ ಬಂತಲ್ಲ."

"ಮೊದಲ ಸಲ ಬರಲಿಲ್ಲ."

"ಮೊದಲ ಸಲ ಅಂತ ನಾನು ಹೇಳಿರಲಿಲ್ಲ. ಗಂಟು ತಗೋ. ದೋಣಿ ಬಂದಿದೆ."

ನೇಮಣ್ಣ ಗಂಟು ಹೆಗಲಿಗೇರಿಸಿದ. ಗುರುಗಳು ಕೋಲೂರಿಕೊಂಡು ದಂಡೆಯವರೆಗೆ ಜೊತೆಗೆ ಬಂದರು.

ದೋಣಿಯಲ್ಲಿ ಹುಟ್ಟು ಹಿಡಿದು ನಿಂತಿದ್ದವನು ಪರಸಪ್ಪ, ಜೊಳ್ಳು ಅನ್ನಿಸಿಕೊಂಡು ಎದ್ದು ಹೋದವನು.

ಅವನು ನೇಮಣ್ಣನನ್ನು ನೋಡಿದ. ನೋಡಿ, ದೋಣಿಯ ತಳದ ನೀರನ್ನು ಚಿಪ್ಪಿನಿಂದ ಎತ್ತಿ ಚೆಲ್ಲತೊಡಗಿದ. "ಬರ್ರಿ," ಅಂದ. ಅಷ್ಟೇ. ಕತ್ತೆತ್ತಲಿಲ್ಲ.

ನೇಮಣ್ಣ ದಂಡೆಯಲ್ಲೇ ನಿಂತ. ಬಾಯಲ್ಲಿ ಇನ್ನೂ ಆ ಅಕ್ಕಿಕಾಳಿನ ರುಚಿಯಿತ್ತು. ಬೆಳ್ಳಗೆ, ಗಟ್ಟಿಯಾಗಿ, ತುಂಬಿದ ಕಾಳು.

ಹಿಂದೆ ತಿರುಗಿದ. ದನಿ ತಗ್ಗಿಸಿ ಕೇಳಿದ.

"ಗುರುಗಳೇ, ಆಡಿದ ಮಾತನ್ನ ತೆಗೆಯೋದು ಹೇಗೆ?"

ಗುರುಗಳು ಸೊಂಟದ ಚೀಲಕ್ಕೆ ಕೈ ಹಾಕಿದರು. ಒಂದು ಹುಣಸೆಬೀಜ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಕರಗಿದ್ದನ್ನ ತೆಗೆಯೋಕಾಗಲ್ಲ. ಉಪ್ಪು ಎಷ್ಟು ಬಿದ್ದಿದೆ ಅಂತ ನಿನಗೆ ಗೊತ್ತಿದೆ. ನೀರೆಷ್ಟು ಬೇಕು ಅನ್ನೋದನ್ನ ದೋಣಿಯಲ್ಲಿ ಕೂತು ಲೆಕ್ಕ ಮಾಡು. ಹೊಳೆ ಅಗಲವಾಗಿದೆ."